ಸಣ್ಣ ಕರುಳಿನ ಎರಡು ಬಾಗಿಲು

ಕನ್ನಡದಲ್ಲಿ ಕರುಳು ಎಂದ ಕೂಡಲೆ ಮನಸ್ಸಿಗೆ ಬರುವುದು ಊಟವಲ್ಲ, ಮಮತೆ. ಮಗುವನ್ನು ಕರುಳ ಕುಡಿ ಎನ್ನುತ್ತೇವೆ. ಯಾರದೋ ಕಷ್ಟ ಕಂಡರೆ ನಮ್ಮ ಕರುಳು ಚುರುಕ್ಕೆನ್ನುತ್ತದೆ. ಇಷ್ಟು ಪ್ರೀತಿಯಿಂದ ಹೆಸರಿಸುವ ಈ ಅಂಗ ನಿಜವಾಗಿ ಏನು ಕೆಲಸ ಮಾಡುತ್ತದೆ ಎಂದು ಕೇಳಿದರೆ ಮಾತ್ರ ನಮ್ಮಲ್ಲಿ ಹೆಚ್ಚಿನವರು, "ಉಂಡದ್ದು ಹಾದುಹೋಗುವ ಕೊಳವೆ" ಎಂದು ಹೇಳಿ ಸುಮ್ಮನಾಗುತ್ತೇವೆ. ಈ ಕೊಳವೆಯೆಂಬ ಕಲ್ಪನೆಯಿಂದ ಎಂಥ ಅನಾಹುತವಾಗಬಹುದು ಎಂಬುದನ್ನು ನಾನು ಏಳನೆಯ ವಯಸ್ಸಿನಲ್ಲಿ ನೋಡಿದೆ.

ಅದು 1987ರ ಬೇಸಗೆ. ಚಿತ್ರದುರ್ಗ ಜಿಲ್ಲೆಯ ನಮ್ಮೂರಿನ ಮನೆಯಲ್ಲಿ ದೊಡ್ಡಪ್ಪನ ಮಗಳು ಪುಟ್ಟಿಗೆ ವಾಂತಿಭೇದಿ ಹಿಡಿಯಿತು. ಅವಳಿಗೆ ಆಗ ಒಂದೂವರೆ ವರ್ಷ. ಮೊದಲ ದಿನ ಅತ್ತಳು, ನೀರಿನ ಚೊಂಬಿನ ಕಡೆಗೆ ಕೈ ಚಾಚಿದಳು. ಅಜ್ಜಿ ಚೊಂಬನ್ನು ಎತ್ತಿ ಒಳಗಿಟ್ಟರು. "ಕುಡಿದಷ್ಟೂ ಹೋಗ್ತೈತೆ ಕಣೇ, ನೀರು ಕೊಡಬ್ಯಾಡ್ರಿ. ಹೊಟ್ಟೆ ಒಣಗಿದ್ರೆ ತಾನೇ ನಿಲ್ತೈತೆ" ಎಂದರು. ಒದ್ದೆ ಬಟ್ಟೆಯಿಂದ ತುಟಿ ಒರೆಸುತ್ತಾ ಎರಡು ರಾತ್ರಿ ಮಗುವನ್ನು ಮಡಿಲಿನಿಂದ ಇಳಿಸದೆ ಕೂತವರೂ ಅವರೇ. ಎರಡನೆಯ ದಿನ ಪುಟ್ಟಿ ಅಳುವಾಗ ಕಣ್ಣೀರು ಬರಲಿಲ್ಲ. ಮೂರನೆಯ ದಿನ ಅಳುವೂ ನಿಂತಿತು. ಭೇದಿ ಕಡಿಮೆಯಾಗುತ್ತಿದೆ ಎಂದು ದೊಡ್ಡಮ್ಮನಿಗೆ ಸಮಾಧಾನವಾಗಿತ್ತು. ಬಸ್ಸು ಹಿಡಿದು ಪೇಟೆಯ ಆಸ್ಪತ್ರೆ ಮುಟ್ಟುವ ಹೊತ್ತಿಗೆ ಮಗು ಇರಲಿಲ್ಲ.

ಮುಂದೆ ನಾನು ಬಿ.ಎಸ್ಸಿ.ಯಲ್ಲಿ ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ ಓದಿದೆ. ದೂರದರ್ಶನದ ಕೆಲಸಕ್ಕೆ ಸೇರಿದ ಮೇಲೆ ಆರೋಗ್ಯದ ಕಾರ್ಯಕ್ರಮಗಳನ್ನು ಮಾಡಿದೆ. ನಾನು ವೈದ್ಯೆಯಲ್ಲ, ವೈದ್ಯರನ್ನು ಕ್ಯಾಮರಾದ ಮುಂದೆ ಕೂಡಿಸಿ, ಅವರು ಹೇಳಿದ್ದು ಮನೆಮನೆಗೆ ತಿಳಿಯುವಂತೆ ಮಾಡುವುದಷ್ಟೇ ನನ್ನ ಕಸುಬು. ಆದರೂ ಅಜ್ಜಿಯ ಆ ಮಾತನ್ನು ಇಷ್ಟು ವರ್ಷವೂ ಮನಸ್ಸಿನಲ್ಲಿ ಇಟ್ಟುಕೊಂಡೇ ಬಂದಿದ್ದೇನೆ. ಕೇಳಲು ಅದು ಎಷ್ಟು ಸರಿಯಾಗಿದೆ, ನೋಡಿ. ತೂತು ಬಿದ್ದ ಕೊಡಕ್ಕೆ ನೀರು ಹೊಯ್ದರೆ ಸೋರುವುದು ಹೆಚ್ಚುತ್ತದೆಯೇ ಹೊರತು ಕೊಡ ತುಂಬುವುದಿಲ್ಲ. ಕರುಳು ತೂತು ಕೊಡವೇ ಆಗಿದ್ದರೆ ಅಜ್ಜಿಯ ಮಾತನ್ನು ತಪ್ಪೆನ್ನುವಂತಿರಲಿಲ್ಲ. ಹಾಗಾದರೆ ಕರುಳು ಏನು?

ಜಠರದ ಕೆಳಬಾಯಿಯಿಂದ ದೊಡ್ಡ ಕರುಳಿನವರೆಗೆ ಸುರುಳಿ ಸುರುಳಿಯಾಗಿ ಮಡಿಸಿಕೊಂಡಿರುವುದೇ ಸಣ್ಣ ಕರುಳು. ಇದರ ಅಗಲ ಸುಮಾರು ಒಂದು ಅಂಗುಲ. ಅಗಲ ಕಡಿಮೆ ಇರುವುದರಿಂದಲೇ 'ಸಣ್ಣ' ಎಂಬ ಹೆಸರು. ಉದ್ದದಲ್ಲಿ ಅದು ದೊಡ್ಡ ಕರುಳಿನ ಮೂರು ನಾಲ್ಕು ಪಟ್ಟು. ವಯಸ್ಕರಲ್ಲಿ ಸುಮಾರು 6 ಮೀಟರು, ಎಂದರೆ 20 ಅಡಿ. ಜಠರವೇ ಜೀರ್ಣದ ಮುಖ್ಯ ಜಾಗವೆಂದು ನಾವು ಭಾವಿಸಿರುತ್ತೇವೆ. ಆದರೆ ಜಠರದಲ್ಲಿ ಆಗುವುದು ಹೆಚ್ಚಾಗಿ ಕಲಸುವ, ಅರೆಯುವ ಕೆಲಸ. ಅನ್ನ, ಮುದ್ದೆ, ಬೇಳೆ, ಎಣ್ಣೆ ನಿಜವಾಗಿ ಒಡೆದು ಸಣ್ಣ ಸಣ್ಣ ಅಣುಗಳಾಗಿ ರಕ್ತಕ್ಕೆ ಸೇರುವುದು ಈ ಇಪ್ಪತ್ತು ಅಡಿಯಲ್ಲಿ. ಮೊದಲ ಹತ್ತು ಅಂಗುಲದ ಭಾಗದಲ್ಲೇ ಮೇದೋಜೀರಕ ಗ್ರಂಥಿಯ ರಸ, ಯಕೃತ್ತಿನಿಂದ ಬರುವ ಪಿತ್ತರಸ ಎರಡೂ ಬಂದು ಸೇರುತ್ತವೆ. ಜಠರದಿಂದ ಬಂದ ಆಮ್ಲದ ಹುಳಿ ಅಲ್ಲೇ ಮುರಿಯುತ್ತದೆ. ಕಬ್ಬಿಣದ ಅಂಶ ಆರಂಭದ ಭಾಗದಲ್ಲೂ, ಬಿ12 ಜೀವಸತ್ವ ಕಟ್ಟಕಡೆಯ ಭಾಗದಲ್ಲೂ ಒಳಹೋಗುತ್ತವೆ. ಆ ಕಡೆಯ ಭಾಗಕ್ಕೆ ಕ್ಷಯ ತಗಲಿ ಅದನ್ನು ಕತ್ತರಿಸಿ ತೆಗೆಯಬೇಕಾಗಿ ಬಂದವರಿಗೆ, ಎಷ್ಟು ಒಳ್ಳೆಯ ಊಟ ಮಾಡಿದರೂ, ಬಿ12 ಚುಚ್ಚುಮದ್ದು ಬೇಕಾಗಬಹುದು.

ಕರುಳಿನ ಒಳಮೈ ನುಣ್ಣಗಿಲ್ಲ. ಟರ್ಕಿ ಟವೆಲಿನ ಮೈಯಂತೆ ಲಕ್ಷಾಂತರ ಎಳೆಗಳು ಎದ್ದುನಿಂತಿವೆ. ಒಂದೊಂದು ಎಳೆ ಒಂದು ಮಿಲಿಮೀಟರು ಅಥವಾ ಅದಕ್ಕಿಂತ ಕಡಿಮೆ. ಇವುಗಳಿಗೆ ವಿಲ್ಲೈ ಎಂದು ಹೆಸರು. ಅವುಗಳ ಮೇಲಿನ ಒಂದೊಂದು ಜೀವಕೋಶದ ಮೇಲೂ ಸೂಕ್ಷ್ಮದರ್ಶಕದಲ್ಲಿ ಮಾತ್ರ ಕಾಣುವ ಇನ್ನೂ ಸಣ್ಣ ರೋಮಗಳು. ಇಷ್ಟೆಲ್ಲ ಮಡಿಕೆ ಬಿಡಿಸಿ ಹಾಸಿದರೆ ಒಂದು ಟೆನ್ನಿಸ್ ಅಂಗಳದಷ್ಟಾಗುತ್ತದೆ ಎಂದು ಪಠ್ಯಪುಸ್ತಕಗಳು ಹೇಳುತ್ತಿದ್ದವು. ನಾನೂ ಒಂದು ಕಾರ್ಯಕ್ರಮದಲ್ಲಿ ಹಾಗೆಯೇ ಹೇಳಿಸಿದ್ದೆ. 2014ರಲ್ಲಿ ಸ್ವೀಡನ್ನಿನ ಇಬ್ಬರು ವಿಜ್ಞಾನಿಗಳು ಹೊಸದಾಗಿ ಅಳೆದು, ಅದು ಸುಮಾರು 30 ಚದರ ಮೀಟರು ಮಾತ್ರ ಎಂದರು. ಟೆನ್ನಿಸ್ ಅಂಗಳ ಹೋಯಿತು. ಬೆಂಗಳೂರಿನವರಿಗೆ ತಿಳಿಯುವಂತೆ ಹೇಳುವುದಾದರೆ, ಮೂವತ್ತು-ನಲವತ್ತರ ಸೈಟಿನ ಕಾಲು ಭಾಗಕ್ಕಿಂತ ತುಸು ಹೆಚ್ಚು. ಒಂದು ಹೊಟ್ಟೆಯೊಳಗೆ ಅಷ್ಟಿದ್ದರೂ ಸಾಮಾನ್ಯವೇನಲ್ಲ.

ಇನ್ನೊಂದು ವಿಶೇಷವನ್ನು ದಯವಿಟ್ಟು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ. ಈ ಒಳಮೈಯ ಜೀವಕೋಶಗಳ ಆಯುಷ್ಯ ಮೂರರಿಂದ ಐದು ದಿನ ಮಾತ್ರ. ಎಳೆಯ ಬುಡದಲ್ಲಿ ಹುಟ್ಟಿ, ಮೇಲಕ್ಕೆ ಸರಿಯುತ್ತಾ, ತುದಿ ಮುಟ್ಟಿ ಉದುರಿಹೋಗುತ್ತವೆ. ವಾರಕ್ಕೊಮ್ಮೆ ನಮಗೆ ಹೆಚ್ಚುಕಡಿಮೆ ಹೊಸ ಕರುಳಿನ ಒಳಮೈ ಬಂದಿರುತ್ತದೆ.

ಈಗ ನೀರಿನ ಜಮಾ-ಖರ್ಚು ನೋಡೋಣ. ನಾವು ದಿನಕ್ಕೆ ಕುಡಿಯುವ ಮತ್ತು ಊಟದಲ್ಲಿ ಬರುವ ನೀರು ಸುಮಾರು 2 ಲೀಟರು. ಆದರೆ ಸಣ್ಣ ಕರುಳಿಗೆ ದಿನವೂ ಬಂದು ಬೀಳುವುದು ಎಂಟೊಂಬತ್ತು ಲೀಟರು! ಉಳಿದದ್ದು ಎಲ್ಲಿಂದ ಬಂತು? ನಮ್ಮ ಶರೀರದಿಂದಲೇ. ಜೊಲ್ಲು, ಜಠರರಸ, ಪಿತ್ತ, ಮೇದೋಜೀರಕ ರಸ, ಕರುಳಿನದೇ ಒಸರು, ಇವೆಲ್ಲ ಸೇರಿ ಆರೇಳು ಲೀಟರು. ಇವನ್ನೆಲ್ಲ ರಕ್ತವೇ ಸಾಲ ಕೊಟ್ಟಿರುತ್ತದೆ. ಸಣ್ಣ ಕರುಳು ಅದರಲ್ಲಿ ಒಂದೂವರೆ ಎರಡು ಲೀಟರಿನಷ್ಟನ್ನು ಬಿಟ್ಟು ಉಳಿದುದನ್ನೆಲ್ಲ ರಕ್ತಕ್ಕೆ ಹಿಂದಿರುಗಿಸುತ್ತದೆ. ಮಿಕ್ಕಿದ್ದರಲ್ಲಿ ಬಹುಪಾಲನ್ನು ದೊಡ್ಡ ಕರುಳು ಹೀರುತ್ತದೆ. ಮಲದಲ್ಲಿ ಹೊರಹೋಗುವುದು ಒಂದು ಲೋಟದಷ್ಟೂ ಇಲ್ಲ. ಆದ್ದರಿಂದ ಭೇದಿಯಾದಾಗ ಹೋಗುವುದು 'ಕುಡಿದ ನೀರು' ಮಾತ್ರವಲ್ಲ. ರಕ್ತದಿಂದ ಬಂದು ರಕ್ತಕ್ಕೆ ಮರಳದ ನೀರು. ಅಜ್ಜಿ ಚೊಂಬನ್ನು ಒಳಗಿಟ್ಟರೂ ಪುಟ್ಟಿಯ ಭೇದಿ ಮುಂದುವರಿದದ್ದು ಇದಕ್ಕೇ. ಕೊನೆಗೆ ಕಡಿಮೆಯಾದದ್ದು, ಕೊಡಲು ಶರೀರದಲ್ಲಿ ಏನೂ ಉಳಿದಿರಲಿಲ್ಲವೆಂದು.

ಇದೆಲ್ಲ ಅಜ್ಜಿಗೆ ತಿಳಿಯದಿದ್ದುದರಲ್ಲಿ ಆಶ್ಚರ್ಯವಿಲ್ಲ. ಪ್ರಪಂಚದ ದೊಡ್ಡ ದೊಡ್ಡ ವೈದ್ಯರೂ 1960ರ ದಶಕದವರೆಗೆ ಹೆಚ್ಚುಕಡಿಮೆ ಅದನ್ನೇ ಹೇಳುತ್ತಿದ್ದರು: ಕರುಳಿಗೆ ವಿಶ್ರಾಂತಿ ಕೊಡಿ, ಬಾಯಿಯಿಂದ ಏನೂ ಬೇಡ, ರಕ್ತನಾಳಕ್ಕೆ ಡ್ರಿಪ್ ಹಾಕಿ. ಕಾಲರಾದಲ್ಲಿ ಕರುಳಿನ ಒಳಪದರವೇ ಕಿತ್ತುಬರುತ್ತದೆಂಬ ನಂಬಿಕೆ ಬಹುಕಾಲದಿಂದ ಇತ್ತು. ಕಿತ್ತುಹೋದ ಮೈ ಹೀರುವುದೆಲ್ಲಿಂದ ಬಂತು?

ಈ ಗಂಟನ್ನು ಬಿಡಿಸುವುದರಲ್ಲಿ ನಮ್ಮ ದೇಶದ ಪಾಲು ದೊಡ್ಡದು. ಕಲ್ಕತ್ತೆಯ ವೈದ್ಯ ಶಂಭುನಾಥ ಡೇ 1953ರಲ್ಲಿ ಒಂದು ಸರಳ ಪ್ರಯೋಗ ಮಾಡಿದರು. ಮೊಲದ ಸಣ್ಣ ಕರುಳಿನ ಒಂದು ತುಂಡನ್ನು ಎರಡೂ ಕಡೆ ದಾರದಿಂದ ಬಿಗಿದು, ಆ ಚೀಲಕ್ಕೆ ಕಾಲರಾ ರೋಗಾಣುಗಳನ್ನು ಚುಚ್ಚಿದರು. ಮಾರನೆಯ ದಿನಕ್ಕೆ ಅದು ನೀರು ತುಂಬಿ ಉಬ್ಬಿತ್ತು. 1959ರಲ್ಲಿ ರೋಗಾಣುಗಳನ್ನು ಸೋಸಿ ತೆಗೆದು, ಅವು ಬೆಳೆದಿದ್ದ ದ್ರವವನ್ನು ಮಾತ್ರ ಚುಚ್ಚಿದರು. ಆಗಲೂ ಉಬ್ಬಿತು! ಎಂದರೆ, ರೋಗಾಣು ಕರುಳನ್ನು ಕೊರೆಯುವುದಿಲ್ಲ, ತಿನ್ನುವುದಿಲ್ಲ. ಅದು ಬಿಡುವ ಒಂದು ವಿಷ ಕರುಳಿನಿಂದ ನೀರು ಸುರಿಯುವಂತೆ ಮಾಡುತ್ತದೆ. ಅದೇ ಸುಮಾರಿಗೆ ಕಾಲರಾ ರೋಗಿಗಳ ಕರುಳಿನಿಂದ ಚಿಕ್ಕ ಚೂರು ತೆಗೆದು ಪರೀಕ್ಷಿಸಿದವರಿಗೆ ಒಳಪದರ ಕಿತ್ತುಹೋಗದೆ ಇರುವುದು ಕಂಡಿತು. ಡೇ ಅವರಿಗೆ ತಕ್ಕ ಮನ್ನಣೆ ಬದುಕಿದ್ದಾಗ ನಮ್ಮಲ್ಲಿ ಸಿಗಲಿಲ್ಲ. 1985ರಲ್ಲಿ ತೀರಿಕೊಂಡರು. ನಮ್ಮ ಶಾಲೆಯ ಪುಸ್ತಕಗಳಲ್ಲಿ ಅವರ ಹೆಸರನ್ನು ನಾನು ನೋಡಲಿಲ್ಲ.

ಆ ವಿಷ ಮಾಡುವುದು ಇಷ್ಟು. ಕರುಳಿನ ಜೀವಕೋಶದಲ್ಲಿ ಕ್ಲೋರೈಡನ್ನು ಹೊರಬಿಡುವ ಒಂದು ಬಾಗಿಲಿದೆ. ಆರೋಗ್ಯದಲ್ಲಿ ಅದು ಬೇಕಾದಾಗ ಮಾತ್ರ ತೆರೆಯುತ್ತದೆ, ಕರುಳನ್ನು ತೇವವಾಗಿಡುತ್ತದೆ. ಕಾಲರಾ ವಿಷ ಸೇರಿದರೆ ಆ ಬಾಗಿಲು ತೆರೆದಿದ್ದು ಮುಚ್ಚುವುದೇ ಇಲ್ಲ. ಕ್ಲೋರೈಡಿನ ಹಿಂದೆ ಸೋಡಿಯಂ, ಅದರ ಹಿಂದೆ ನೀರು. ರೋಗ ಜೋರಾದಾಗ ಗಂಟೆಗೆ ಒಂದು ಲೀಟರಿನಷ್ಟು ಹೋಗುವುದೂ ಉಂಟು. ಜೊತೆಗೆ, ಬರಿಯ ಉಪ್ಪನ್ನು ಒಳಗೆಳೆದುಕೊಳ್ಳುವ ಮಾಮೂಲಿ ದಾರಿಯೂ ಕಟ್ಟುತ್ತದೆ. ಉಪ್ಪುನೀರು ಮಾತ್ರ ಕುಡಿಸಿದರೆ ಅಜ್ಜಿ ಹೇಳಿದ ಹಾಗೆಯೇ ಆಗುತ್ತದೆ.

ಆದರೆ ಅದೇ ಜೀವಕೋಶದಲ್ಲಿ ಇನ್ನೊಂದು ಬಾಗಿಲಿದೆ. ಅಮೆರಿಕದ ರಾಬರ್ಟ್ ಕ್ರೇನ್ 1960ರಲ್ಲಿ ಪ್ರಾಗ್ ನಗರದ ಸಭೆಯೊಂದರಲ್ಲಿ ಇದರ ವಿಚಾರ ಮಂಡಿಸಿದರು. ಸೋಡಿಯಂ ಒಂದೇ ಬಂದರೆ ಈ ಬಾಗಿಲು ತೆರೆಯುವುದಿಲ್ಲ, ಗ್ಲೂಕೋಸ್ ಒಂದೇ ಬಂದರೂ ತೆರೆಯುವುದಿಲ್ಲ. ಎರಡು ಸೋಡಿಯಂ, ಒಂದು ಗ್ಲೂಕೋಸ್ ಜೊತೆಗೂಡಿ ಬಂದರೆ ಮಾತ್ರ ಒಳಗೆ ಪ್ರವೇಶ ಎಂದು ಆಮೇಲೆ ತಿಳಿಯಿತು. ಅವು ಒಳಗೆ ಹೋದ ಮೇಲೆ ನೀರು ಹಿಂಬಾಲಿಸುತ್ತದೆ. ಕಾಲರಾ ವಿಷಕ್ಕೆ ಈ ಬಾಗಿಲು ಸಿಗುವುದಿಲ್ಲ. ಒಂದು ಕಡೆ ನೀರು ಸುರಿದುಹೋಗುತ್ತಿದ್ದರೂ ಪಕ್ಕದಲ್ಲೇ ನೀರು ಒಳತೆಗೆದುಕೊಳ್ಳುವ ಬಾಗಿಲು ಸುಸ್ಥಿತಿಯಲ್ಲಿ ಕಾದಿರುತ್ತದೆ. ಅದಕ್ಕೆ ಬೇಕಾದದ್ದು ಉಪ್ಪು ಮತ್ತು ಸಕ್ಕರೆ, ಸರಿಯಾದ ಅಳತೆಯಲ್ಲಿ. ಅಜ್ಜಿಯ ಅಡಿಗೆಮನೆಯಲ್ಲಿ ಎರಡೂ ಇದ್ದವು.

ಕಲ್ಕತ್ತೆಯ ಹೇಮೇಂದ್ರನಾಥ ಚಟರ್ಜಿ 1953ರಲ್ಲೇ ಕಾಲರಾ ರೋಗಿಗಳಿಗೆ ಉಪ್ಪು-ಗ್ಲೂಕೋಸಿನ ನೀರು ಕುಡಿಸಿ ಗುಣಪಡಿಸಿದ್ದನ್ನು ಪ್ರಕಟಿಸಿದ್ದರು. ಹೆಚ್ಚು ಜನ ಕಿವಿಗೊಡಲಿಲ್ಲ. ಏಕೆ ಕೆಲಸ ಮಾಡುತ್ತದೆಂದು ಹೇಳಲು ಆಗ ಯಾರಿಗೂ ತಿಳಿದಿರಲಿಲ್ಲ. 1968ರಲ್ಲಿ ಢಾಕಾದಲ್ಲಿ ಡೇವಿಡ್ ನಾಲಿನ್, ರಿಚರ್ಡ್ ಕ್ಯಾಷ್ ಎಂಬ ತರುಣ ವೈದ್ಯರು ಅಳತೆಯಿಟ್ಟು ಕುಡಿಸಿ, ಡ್ರಿಪ್ಪಿನ ಅಗತ್ಯ ಬಹುಪಾಲು ತಪ್ಪುತ್ತದೆಂದು ತೋರಿಸಿದರು. ಆದರೂ ಅದು ಆಸ್ಪತ್ರೆಯೊಳಗಿನ, ವೈದ್ಯರ ಕಣ್ಣಳತೆಯ ಮಾತಾಗಿತ್ತು.

1971ರಲ್ಲಿ ಬಾಂಗ್ಲಾ ಯುದ್ಧದ ಕಾಲಕ್ಕೆ ಲಕ್ಷಾಂತರ ನಿರಾಶ್ರಿತರು ಗಡಿ ದಾಟಿ ಪಶ್ಚಿಮ ಬಂಗಾಳಕ್ಕೆ ಬಂದರು. ಬನಗಾಂವ್ ಆಸ್ಪತ್ರೆಯಲ್ಲಿ ಕಾಲರಾ ರೋಗಿಗಳು ನೆಲದ ಮೇಲೆಲ್ಲ ಮಲಗಿದ್ದರು. ಡ್ರಿಪ್ ಬಾಟಲಿಗಳು ಮುಗಿಯುತ್ತಾ ಬಂದವು. ಅಲ್ಲಿದ್ದ ಡಾ. ದಿಲೀಪ್ ಮಹಲನೋಬಿಸ್ ಅವರು ಗ್ಲೂಕೋಸು, ಅಡಿಗೆ ಉಪ್ಪು, ಅಡಿಗೆ ಸೋಡಾಗಳನ್ನು ತೂಗಿ ಪೊಟ್ಟಣ ಕಟ್ಟಿಸಿದರು. ಡ್ರಮ್ಮಿನ ನೀರಿನಲ್ಲಿ ಕಲಸಿ, ರೋಗಿಗಳ ತಾಯಂದಿರ, ಅಣ್ಣತಮ್ಮಂದಿರ ಕೈಗೇ ಲೋಟ ಕೊಟ್ಟು ಕುಡಿಸಲು ಹೇಳಿದರು. ಶೇಕಡಾ 30ರಷ್ಟಿದ್ದ ಸಾವು ಶೇಕಡಾ 4ಕ್ಕಿಂತ ಕೆಳಗಿಳಿಯಿತು. ಕಲಸುವ ವಿಧಾನವನ್ನು ಬಾಂಗ್ಲಾ ಹೋರಾಟಗಾರರ ಗುಪ್ತ ರೇಡಿಯೋದಲ್ಲೂ ಬಿತ್ತರಿಸಿದರಂತೆ. ಪ್ರಸಾರದ ಕೆಲಸದಲ್ಲಿರುವ ನನಗೆ ಈ ಕಥೆಯಲ್ಲಿ ಬಹಳ ಹಿಡಿಸಿದ್ದು ಇದು. ಮಹಲನೋಬಿಸ್ 2022ರಲ್ಲಿ ತೀರಿಕೊಂಡರು. ಮರುವರ್ಷ ಅವರಿಗೆ ಮರಣೋತ್ತರ ಪದ್ಮವಿಭೂಷಣ ಬಂತು.

ಮೊದಲು ನೆನಪಿಡಿ ಎಂದಿದ್ದೆನಲ್ಲ, ಕರುಳಿನ ಜೀವಕೋಶಗಳ ಆಯುಷ್ಯ? ವಿಷ ಹಿಡಿದ ಕೋಶಗಳೂ ಕೆಲವೇ ದಿನಗಳಲ್ಲಿ ಉದುರಿ, ಹೊಸವು ಬರುತ್ತವೆ. ಅಲ್ಲಿಯವರೆಗೆ ರೋಗಿಯ ರಕ್ತದಲ್ಲಿ ನೀರು ಉಳಿಸಿಕೊಂಡರೆ ಕರುಳು ತಾನೇ ಸರಿಹೋಗುತ್ತದೆ. ಪುಟ್ಟಿಯನ್ನು ಇನ್ನೊಂದು ಮೂರು ದಿನ ಉಳಿಸಿಕೊಂಡಿದ್ದರೆ, ಎಂದು ಲೆಕ್ಕ ಹಾಕುವುದನ್ನು ನಾನು ಬಿಟ್ಟಿದ್ದೇನೆ.

ಕಾಲರಾ ಮಾತೇ ಹೆಚ್ಚಾಯಿತು. ನಮ್ಮ ಮಕ್ಕಳ ಭೇದಿಗೆ ಕಾರಣ ಅನೇಕ ವೇಳೆ ರೋಟಾ ವೈರಸ್. ಇದು ಸ್ವಲ್ಪ ಬೇರೆ ರೀತಿ. ಎಳೆಗಳ ತುದಿಯಲ್ಲಿರುವ ಪ್ರೌಢ ಕೋಶಗಳನ್ನೇ ಇದು ಹಾಳುಮಾಡುತ್ತದೆ. ಹಾಲಿನ ಸಕ್ಕರೆಯನ್ನು ಒಡೆಯುವ ಕಿಣ್ವ ಇರುವುದು ಅಲ್ಲೇ. ಭೇದಿ ನಿಂತ ಮೇಲೂ ಕೆಲವು ಮಕ್ಕಳಿಗೆ ಹಸುವಿನ ಹಾಲು ಒಗ್ಗದೆ ಹೊಟ್ಟೆ ಉಬ್ಬರಿಸುವುದು ಇದಕ್ಕೆ. ಹೊಸ ಕೋಶಗಳು ತುದಿ ಮುಟ್ಟಿದ ಮೇಲೆ ಸರಿಹೋಗುತ್ತದೆ. ತಾಯಿಯ ಹಾಲನ್ನು ಮಾತ್ರ ಯಾವ ಕಾರಣಕ್ಕೂ ನಿಲ್ಲಿಸಬಾರದು. ಹೀರುವ ಮೈ ಅಷ್ಟಿಷ್ಟು ಹಾಳಾದರೂ ಉಳಿದ ಭಾಗದಲ್ಲಿ ಉಪ್ಪು-ಸಕ್ಕರೆಯ ಬಾಗಿಲು ಇದ್ದೇ ಇರುವುದರಿಂದ ಚಿಕಿತ್ಸೆ ಅದೇ. ದೆಹಲಿಯಲ್ಲಿ ನವಜಾತ ಶಿಶುಗಳಲ್ಲಿ ಸಿಕ್ಕಿದ ಒಂದು ಸೌಮ್ಯ ತಳಿಯಿಂದಲೇ ನಮ್ಮ ದೇಶದ ರೋಟಾ ಲಸಿಕೆ ತಯಾರಾಯಿತು. ಸರಕಾರದ ಲಸಿಕೆ ಕಾರ್ಯಕ್ರಮಕ್ಕೆ ರೋಟಾ ಲಸಿಕೆ ಸೇರಿದ್ದು 2016ರಿಂದ.

ಅಳತೆಯ ವಿಷಯಕ್ಕೆ ಬರುತ್ತೇನೆ. ಇಲ್ಲಿ ನನ್ನದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು. ವರ್ಷಗಳ ಹಿಂದೆ ಇದೇ ವಿಷಯದ ಒಂದು ಕಾರ್ಯಕ್ರಮ ಸಿದ್ಧಪಡಿಸುವಾಗ, ತೆರೆಯ ಕೆಳಗೆ ಬರುವ ಅಕ್ಷರಗಳನ್ನು ನಾನೇ ಅವಸರದಲ್ಲಿ ಬರೆದುಕೊಟ್ಟೆ. 'ಒಂದು ಲೀಟರು ನೀರು, ಆರು ಚಮಚ ಉಪ್ಪು, ಅರ್ಧ ಚಮಚ ಸಕ್ಕರೆ.' ಸಂಕಲನ ಮುಗಿಯಿತು. ಎರಡು ಸಲ ನೋಡಿದೆ, ಕಣ್ಣಿಗೆ ಬೀಳಲಿಲ್ಲ. ಪ್ರಸಾರದ ಹಿಂದಿನ ಸಂಜೆ ಮೇಕಪ್ ಕೊಠಡಿಯ ಸಹಾಯಕಿ ಬಾಗಿಲಲ್ಲಿ ನಿಂತು ನೋಡುತ್ತಿದ್ದವಳು, "ಮೇಡಂ, ಇಷ್ಟು ಉಪ್ಪು ಹಾಕಿದ್ರೆ ಕೂಸು ಬಾಯಿಗೇ ತಗೊಳ್ಳಲ್ಲ" ಎಂದಳು. ನನ್ನ ಕೈಕಾಲು ತಣ್ಣಗಾದವು. ಅಷ್ಟು ಉಪ್ಪಿನ ನೀರು ಮಗುವಿನ ರಕ್ತದಲ್ಲಿ ಸೋಡಿಯಂ ಏರಿಸಿ, ಮಿದುಳಿನ ಕೋಶಗಳಿಂದಲೇ ನೀರನ್ನು ಎಳೆಯುತ್ತದೆ. ಫಿಟ್ಸ್ ಬರಬಹುದು, ಜೀವವೇ ಹೋಗಬಹುದು. ಅಂದಿನಿಂದ ಅಳತೆಯ ಯಾವ ಸಾಲನ್ನೂ ಇನ್ನೊಬ್ಬರಿಂದ ಗಟ್ಟಿಯಾಗಿ ಓದಿಸದೆ ನಾನು ಬಿಡುವುದಿಲ್ಲ. ಈ ಪುಟದ ಅಳತೆಯನ್ನೂ ಹಾಗೆ ಓದಿಸಿದ್ದೇನೆ.

ಸರಿಯಾದದ್ದು ಇದು: ಕುದಿಸಿ ಆರಿಸಿದ ಒಂದು ಲೀಟರು ನೀರಿಗೆ ಆರು ಮಟ್ಟಸ ಟೀ ಚಮಚ ಸಕ್ಕರೆ, ಅರ್ಧ ಮಟ್ಟಸ ಟೀ ಚಮಚ ಉಪ್ಪು. ಕೂಡಿಸುವ ಮೊದಲು ನಾಲಗೆಗೆ ಹಾಕಿ ನೋಡಿ, ಕಣ್ಣೀರಿಗಿಂತ ಉಪ್ಪಾಗಿರಬಾರದು. ಇದು ಪೊಟ್ಟಣ ಕೈಗೆ ಬರುವವರೆಗಿನ ವ್ಯವಸ್ಥೆ. ಪೊಟ್ಟಣದಲ್ಲಿ ಪೊಟ್ಯಾಸಿಯಂ, ಸಿಟ್ರೇಟ್ ಕೂಡ ಇರುವುದರಿಂದ ಅದೇ ಮೇಲು. 2002ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ಹಳೆಯ ಅಳತೆಯ ಉಪ್ಪು-ಸಕ್ಕರೆ ಎರಡನ್ನೂ ಇಳಿಸಿದವು. ಈಗ ಲೀಟರಿಗೆ 2.6 ಗ್ರಾಂ ಉಪ್ಪು, 13.5 ಗ್ರಾಂ ಗ್ಲೂಕೋಸ್. ಸಿಹಿ ಹೆಚ್ಚಾದರೆ ಒಳ್ಳೆಯದಲ್ಲವೇ ಎಂದು ಕೇಳುವವರಿದ್ದಾರೆ. ಅಲ್ಲ. ಹೀರಿ ಮುಗಿಯದ ಸಕ್ಕರೆ ಕರುಳಿನಲ್ಲೇ ನಿಂತು ಶರೀರದಿಂದ ನೀರನ್ನು ತನ್ನತ್ತ ಎಳೆದು ಭೇದಿಯನ್ನು ಹೆಚ್ಚಿಸುತ್ತದೆ. ಬಾಟಲಿಯ ತಂಪುಪಾನೀಯ, ಡಬ್ಬಿಯ ಹಣ್ಣಿನ ರಸ ಬೇಡವೆನ್ನುವುದು ಇದಕ್ಕಾಗಿ. ಸಿಹಿ ಪಾನೀಯಗಳ ಪೆಟ್ಟಿಗೆಯ ಮೇಲೆ ಓ.ಆರ್.ಎಸ್. ಎಂದು ಅಚ್ಚುಹಾಕಿ ಮಾರುವುದನ್ನು ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರ ನಿಷೇಧಿಸಿದ್ದು 2025ರ ಅಕ್ಟೋಬರಿನಲ್ಲಿ. ಅಷ್ಟು ತಡವಾಗಬಾರದಿತ್ತು ಎಂದು ನನ್ನ ಅಭಿಪ್ರಾಯ. ಪೊಟ್ಟಣ ಕೊಳ್ಳುವಾಗ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರ ಎಂದು ಬರೆದಿದೆಯೇ, ಎಷ್ಟು ನೀರಿಗೆ ಎಂದು ಬರೆದಿದೆ, ಎರಡನ್ನೂ ಓದಿ. ಲೀಟರಿನ ಪೊಟ್ಟಣವನ್ನು ಲೋಟದಲ್ಲಿ ಕಲಸಿದರೆ ನನ್ನ ತಪ್ಪನ್ನೇ ನೀವೂ ಮಾಡಿದಂತೆ. ಉಪ್ಪು ಹಾಕಿದ ತೆಳು ಗಂಜಿಯೂ ಒಳ್ಳೆಯದು. ಅಕ್ಕಿಯ ಪಿಷ್ಟ ನಿಧಾನವಾಗಿ ಒಡೆದು ಗ್ಲೂಕೋಸನ್ನು ಸ್ವಲ್ಪ ಸ್ವಲ್ಪವಾಗಿ ಬಾಗಿಲಿಗೆ ಒದಗಿಸುತ್ತದೆ.

ಒಂದು ಮಾತನ್ನು ಮುಚ್ಚಿಡಬಾರದು. ಈ ನೀರು ಭೇದಿಯನ್ನು ನಿಲ್ಲಿಸುವುದಿಲ್ಲ. ಕುಡಿಸುತ್ತಿದ್ದರೂ ಎರಡು ಮೂರು ದಿನ ಭೇದಿ ಆಗುತ್ತಲೇ ಇರಬಹುದು. ಎಷ್ಟೋ ತಾಯಂದಿರು "ಕೊಟ್ಟೆವು, ನಿಲ್ಲಲಿಲ್ಲ" ಎಂದು ಬಿಟ್ಟುಬಿಡುವುದು ಇಲ್ಲೇ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಭೇದಿಯಾದ ನೂರು ಮಕ್ಕಳಲ್ಲಿ ಓ.ಆರ್.ಎಸ್. ಸಿಕ್ಕಿದ್ದು ಸುಮಾರು 60 ಮಕ್ಕಳಿಗೆ. ಪೊಟ್ಟಣ ಆಶಾ ಕಾರ್ಯಕರ್ತೆಯ ಚೀಲದಲ್ಲಿ ಬಿಟ್ಟಿಯಾಗಿ ಇದ್ದೂ ಉಳಿದ 40 ಮಕ್ಕಳು ಏಕೆ ಹೊರಗುಳಿದವು? ನಿಲ್ಲಿಸುವ ಮಾತ್ರೆ ಬೇಕು, ಇಲ್ಲವೆ 'ಗ್ಲೂಕೋಸ್ ಬಾಟಲಿ ಹಾಕಿಸಬೇಕು' ಎಂಬ ಆಸೆ ನಮ್ಮಲ್ಲಿ ಇನ್ನೂ ಬಲವಾಗಿದೆ. ಲೋಟದ ನೀರು ಔಷಧವೆಂದು ಮನಸ್ಸು ಒಪ್ಪುವುದಿಲ್ಲ. 2023ರ ಆಗಸ್ಟಿನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ವಾಂತಿಭೇದಿಯಿಂದ ಜನ ಸತ್ತ ಸುದ್ದಿ ಬಂದಾಗ, ನಮ್ಮ ಜಿಲ್ಲೆಯ ಹೆಸರು ತೆರೆಯ ಮೇಲೆ ಹಾದುಹೋಗುತ್ತಿದ್ದುದನ್ನು ನೋಡುತ್ತಾ ಕೂತಿದ್ದೆ. ನೀರಿನ ಕೊಳಾಯಿ ಶುದ್ಧವಾಗಿಡುವುದು ಆಡಳಿತದ ಹೊಣೆ, ಅದಕ್ಕೆ ಯಾವ ಪೊಟ್ಟಣವೂ ಬದಲಿಯಲ್ಲ.

ಮನೆಯಲ್ಲಿ ಮಗುವಿಗೆ ಭೇದಿಯಾದರೆ, ಎರಡು ವರ್ಷದೊಳಗಿನವರಿಗೆ ಪ್ರತಿ ಸಲ ಭೇದಿಯಾದ ಮೇಲೆ 50ರಿಂದ 100 ಮಿಲಿಲೀಟರು, ದೊಡ್ಡ ಮಕ್ಕಳಿಗೆ 100ರಿಂದ 200. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು ಮತ್ತೆ ಚಮಚದಲ್ಲಿ ನಿಧಾನವಾಗಿ ಕುಡಿಸಿ. ಊಟ ನಿಲ್ಲಿಸಬೇಡಿ. ಸತುವಿನ ಮಾತ್ರೆಯನ್ನು ಆರೋಗ್ಯ ಕೇಂದ್ರದಲ್ಲಿ ಕೇಳಿ ಪಡೆದು, ಭೇದಿ ನಿಂತರೂ ಹೇಳಿದಷ್ಟು ದಿನ ಪೂರ್ತಿ ಕೊಡಿ. ಹಾಳಾದ ಒಳಮೈ ಬೇಗ ಕೂಡಿಕೊಳ್ಳಲು ಅದು ಸಹಾಯ ಮಾಡುತ್ತದೆ. ಮಗುವಿನ ಕಣ್ಣು ಗುಳಿಬಿದ್ದರೆ, ಹೊಟ್ಟೆಯ ಚರ್ಮ ಚಿವುಟಿ ಬಿಟ್ಟಾಗ ಮಡಿಕೆ ನಿಧಾನವಾಗಿ ಇಳಿದರೆ, ಅಳುವಾಗ ಕಣ್ಣೀರಿಲ್ಲದಿದ್ದರೆ, ಮಂಪರು ಬಂದು ಕುಡಿಯಲಾರದಾದರೆ, ಮಲದಲ್ಲಿ ರಕ್ತ ಕಂಡರೆ ಮನೆಮದ್ದಿಗೆ ಕಾಯದೆ ಆಸ್ಪತ್ರೆಗೆ ಹೊರಡಿ. ಆಗ ಡ್ರಿಪ್ ಬೇಕಾಗಬಹುದು. ಕುಡಿಯುವಷ್ಟು ಎಚ್ಚರವಿದ್ದರೆ ದಾರಿಯಲ್ಲಿ, ಬಸ್ಸಿನಲ್ಲಿಯೂ ಚಮಚದಲ್ಲಿ ಕುಡಿಸುತ್ತಲೇ ಹೋಗಿ. ಕಲಸಿದ ನೀರನ್ನು ಮುಚ್ಚಿಡಿ; 24 ಗಂಟೆಯಾದ ಮೇಲೆ ಉಳಿದದ್ದನ್ನು ಚೆಲ್ಲಿ, ಹೊಸದಾಗಿ ಕಲಸಿಕೊಳ್ಳಿ.